ಅತ್ತೆ ಇಳಿಯದ ವ್ಯಾನು

ಸೀಮೆಸುಣ್ಣ ಹಿಡಿದು ಬಂದವನು ಬಾಗಿಲು ತಟ್ಟಲಿಲ್ಲ. ನಾನು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದೆ. ಹೊರಗೆ ತಗಡಿನ ಮೇಲೆ ಏನೋ ಕಿರ್ರೆಂದು ಕೆರೆದ ಸದ್ದಾಯಿತು. ಅತ್ತೆ ಒದ್ದೆ ಬಟ್ಟೆಯಲ್ಲಿ ಪಾತ್ರೆ ಒರೆಸುತ್ತಿದ್ದವರು ಹಾಗೇ ಎದ್ದು ಬಾಗಿಲು ತೆಗೆದರು. ಮೆಟ್ಟಿಲ ಮೇಲೆ ಬೂದು ಕೋಟಿನ ಗುಮಾಸ್ತನೊಬ್ಬ ನಿಂತಿದ್ದ.

"ಯಾರಪ್ಪಾ ನೀನು? ನಮ್ಮ ಬಾಗಿಲ ಮೇಲೆ ಏನು ಗೀಚ್ತಿದ್ದೀಯ?"

"ನಂಬರು ಹಾಕ್ತಿದ್ದೀನಮ್ಮ. ಹರಾಜಿಗೆ."

"ಯಾವುದರ ಹರಾಜು?"

"ಇದರದ್ದೇ," ಎಂದು ಅವನು ದನದ ಬೆನ್ನು ತಟ್ಟಿದ ಹಾಗೆ ನಮ್ಮ ಬಾಗಿಲನ್ನು ಅಂಗೈಯಿಂದ ತಟ್ಟಿದ.

ಅತ್ತೆ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನಂಬರನ್ನು ಒರೆಸಿಹಾಕಿದರು. ಅವನು ಮತ್ತೆ ಬರೆದ. ಅತ್ತೆ ಮತ್ತೆ ಒರೆಸಿದರು. ಕೊನೆಗೆ ಅವನು ತುದಿಗಾಲಲ್ಲಿ ನಿಂತು, ಕುಳ್ಳಿಯಾದ ಅತ್ತೆಗೆ ಕೈ ಎಟುಕದಷ್ಟು ಮೇಲೆ, ದಪ್ಪಗೆ ಹದಿನೇಳು ಎಂದು ಬರೆದು, ನಮ್ಮ ಮುಖ ನೋಡದೆ ಪಕ್ಕದ ಮನೆಗೆ ಹೋದ. ಅದೇ ಬಾಗಿಲ ಮೇಲೆ ಕಣ್ಣಿನ ಮಟ್ಟದಲ್ಲಿ ನಗರಸಭೆಯವರು ಹೊಡೆದಿದ್ದ ತಗಡಿನ ಮನೆ ನಂಬರು ಇತ್ತು. ಅವನ ಸೀಮೆಸುಣ್ಣ ಅದರ ಪಕ್ಕದಲ್ಲೇ ಹಾದುಹೋಗಿದ್ದರೂ ಅವನಿಗೆ ಅದು ಕಂಡಿರಲಿಲ್ಲ.

ನಮ್ಮ ಮನೆ ಒಂದು ವ್ಯಾನು. ಯುದ್ಧದ ಕಾಲದಲ್ಲಿ ಸೈನ್ಯದವರು ರೇಡಿಯೋದಲ್ಲಿ ಸಂದೇಶ ಕಳಿಸಲು ಇಟ್ಟುಕೊಂಡಿದ್ದ, ಪೆಟ್ಟಿಗೆಯಂಥ ಮೈಯ, ದೊಡ್ಡ ಚಕ್ರಗಳ ಹಸಿರು ವ್ಯಾನು. ಅದಕ್ಕೂ ಮೊದಲು ಎಲ್ಲರ ಹಾಗೆ ನಮಗೂ ಇಟ್ಟಿಗೆಯ ಮನೆ ಇತ್ತು. ನನ್ನ ಗಂಡನಿಗೆ ಸ್ವಂತದ್ದೊಂದು ಸಣ್ಣ ವ್ಯಾನಿತ್ತು. ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಬೆಳಗಾಗುವುದರೊಳಗೆ ಅಂಗಡಿಗಳಿಗೆ ಹಾಕಿ ಬರುವುದು ಅವರ ಕೆಲಸ. ಯುದ್ಧ ಶುರುವಾದ ವರ್ಷದ ಚಳಿಗಾಲದಲ್ಲಿ ಸೈನ್ಯದವರು ಬಂದು, ಗಡಿಗೆ ಸಾಮಾನು ಸಾಗಿಸಲು ಗಾಡಿಗಳು ಬೇಕು ಎಂದು ಅದನ್ನು ತೆಗೆದುಕೊಂಡು ಹೋದರು. ಓಡಿಸುವವರೂ ಬೇಕು ಎಂದು ಅವರನ್ನೂ ಕರೆದುಕೊಂಡು ಹೋದರು. "ಒಂದು ತಿಂಗಳು ಅಷ್ಟೇ ಕಣೆ, ಅಮ್ಮನ್ನ ನೋಡ್ಕೋ," ಎಂದು ಹೇಳಿ ಹೋದವರು ಬರಲಿಲ್ಲ. ವ್ಯಾನೂ ಬರಲಿಲ್ಲ. ಮುಂದಿನ ವರ್ಷ ನಮ್ಮ ಬೀದಿಯ ಮೇಲೆ ಬಾಂಬು ಬಿದ್ದಾಗ ನಾವಿಬ್ಬರೂ ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದೆವು. ವಾಪಸು ಬಂದಾಗ ಮನೆ ಇರಲಿಲ್ಲ. ಅತ್ತೆ ಇಟ್ಟಿಗೆ ರಾಶಿಯಲ್ಲಿ ಕೈಹಾಕಿ ಹೊಲಿಗೆ ಯಂತ್ರವನ್ನು ಎಳೆದು ತೆಗೆದರು. ನಮಗೆ ಉಳಿದದ್ದು ಅದೊಂದೇ.

ಯುದ್ಧ ಮುಗಿದು ಸೈನ್ಯ ಹೊರಟಾಗ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿನಲ್ಲಿ ಬೇಡವಾದ ಗಾಡಿಗಳನ್ನೆಲ್ಲ ಬಿಟ್ಟುಹೋಯಿತು. ಮನೆ ಕಳೆದುಕೊಂಡವರನ್ನು ನಗರಸಭೆಯವರೇ ಅಲ್ಲಿಗೆ ಕರೆತಂದರು. "ಸದ್ಯಕ್ಕೆ ಇದರಲ್ಲಿರಿ," ಅಂದರು. ಆ ಸದ್ಯಕ್ಕೆ ಅನ್ನುವುದು ನಾಲ್ಕು ವರ್ಷ ನಡೆಯಿತು. ಅವರೇ ಒಂದು ನಲ್ಲಿ ಹಾಕಿಸಿದರು, ಅವರೇ ಬಾಗಿಲುಗಳಿಗೆ ನಂಬರು ಹೊಡೆದರು. ಅಂಚೆಯವನು ಬರತೊಡಗಿದ.

ನಾವು ಆ ವ್ಯಾನನ್ನು ಉಜ್ಜಿ ಉಜ್ಜಿ ಮನೆ ಮಾಡಿದೆವು. ಒಳಗೆ ಗೋಡೆಗುಂಟ ರೇಡಿಯೋ ಇಡುತ್ತಿದ್ದ ಉದ್ದನೆಯ ಮರದ ಹಲಗೆಯ ಮೇಲೆ ನನ್ನ ಯಂತ್ರ ಕೂತಿತು. ಕಿವಿಗೆ ಹಾಕಿಕೊಳ್ಳುವ ಯಂತ್ರಗಳನ್ನು ತೂಗುಹಾಕುತ್ತಿದ್ದ ಕೊಕ್ಕೆಗಳಲ್ಲಿ ಗಿರಾಕಿಗಳ ಕೋಟುಗಳು ತೂಗಾಡಿದವು. ಚಾವಣಿಯಲ್ಲಿ ಏರಿಯಲ್ ಹೊರಬರುತ್ತಿದ್ದ ತೂತಿನಲ್ಲಿ ಒಲೆಯ ಹೊಗೆ ಕೊಳವೆಯನ್ನು ಏರಿಸಿದೆವು. ಪಕ್ಕದ ಲಾರಿಯಲ್ಲಿ ಕ್ಷೌರಿಕ ಮತ್ತವನ ಹೆಂಡತಿ. ಅದು ಸೈನಿಕರ ಅಡುಗೆ ಲಾರಿಯಾಗಿತ್ತು. ಎಷ್ಟು ತೊಳೆದರೂ ಬೇಸಿಗೆಯಲ್ಲಿ ಈರುಳ್ಳಿ ವಾಸನೆ ಬಿಡುತ್ತಿತ್ತು, ಅವನು ಅದರಲ್ಲೇ ಗಡ್ಡ ಬೋಳಿಸುತ್ತಿದ್ದ. ಅದರಾಚೆ ಒಂದು ಆಂಬ್ಯುಲೆನ್ಸಿನಲ್ಲಿ ಗಾರೆ ಕೆಲಸದವನ ಸಂಸಾರ. ಗಾಯಾಳುಗಳನ್ನು ಒಂದರ ಮೇಲೊಂದರಂತೆ ಮಲಗಿಸುತ್ತಿದ್ದ ಕಬ್ಬಿಣದ ಅಟ್ಟಣೆಗಳಲ್ಲಿ ಅವನ ನಾಲ್ಕು ಮಕ್ಕಳು ಮಲಗುತ್ತಿದ್ದವು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಮನೆಗಳ ಒಂದು ಸಾಲು.

ಆ ಸಾಲಿನ ಎಲ್ಲ ಬಾಗಿಲುಗಳ ಮೇಲೂ ಈಗ ಸೀಮೆಸುಣ್ಣದ ನಂಬರು ಬಿದ್ದಿತ್ತು.

ಮರುದಿನ ಕ್ಷೌರಿಕ, ಗಾರೆಯವನು, ನಾನು, ಮೂವರೂ ಸೈನ್ಯದ ಹೆಚ್ಚುವರಿ ಸಾಮಾನುಗಳ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ನಮ್ಮನ್ನು ಕೂರಿಸಿ ಮಾತಾಡಿದ. ಗದರಲಿಲ್ಲ, ಕೂಗಾಡಲಿಲ್ಲ. ಆ ಮರ್ಯಾದೆಯೇ ನನ್ನ ಮೈ ಉರಿಸಿತು.

"ಈ ಗಾಡಿಗಳೊಳಗೆ ನಾವಿದ್ದೀವಿ, ಸಾರ್," ಅಂದ ಕ್ಷೌರಿಕ.

"ಗಾಡಿಗಳು ಖಾಲಿ ಇವೆ."

"ಖಾಲಿ ಎಲ್ಲಿವೆ ಸಾರ್? ಒಂದ್ಸಲ ಬಂದು ನೋಡಿ."

"ನೋಡೋ ಅಗತ್ಯ ಇಲ್ಲ. ಖಾಲಿ ಇವೆ ಅಂತ ವರದಿ ಬಂದಿದೆ."

ಗಾರೆಯವನು ಹೆಚ್ಚು ಮಾತಿನವನಲ್ಲ. ಸುಣ್ಣ ತಿಂದು ಬಿರುಕು ಬಿಟ್ಟ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, "ನನಗೆ ನಾಲ್ಕು ಮಕ್ಕಳು. ಅವು ಆ ವರದಿಯಲ್ಲಿ ಎಲ್ಲಿ ಹೋದ್ವು ಸಾರ್?" ಎಂದು ಕೇಳಿದ.

ಅಧಿಕಾರಿ ಕನಿಕರದಿಂದಲೇ ತಲೆಯಾಡಿಸಿದ. "ನೋಡಿ, ಗಾಡಿ ನಮ್ಮದು. ಜನ ನಮ್ಮವರಲ್ಲ. ಜನರ ವಿಷಯ ನಗರಸಭೆಗೆ ಸೇರಿದ್ದು. ಅಲ್ಲಿ ವಿಚಾರಿಸಿ."

ಅಲ್ಲಿ ವಿಚಾರಿಸಿದೆವು. ನಾಲ್ಕು ವರ್ಷದ ಹಿಂದೆ ನಮ್ಮನ್ನು ಕೈಹಿಡಿದು ಕರೆತಂದು ವ್ಯಾನು ಹತ್ತಿಸಿದ್ದ ಅದೇ ಮನುಷ್ಯ ಅಲ್ಲಿ ಕೂತಿದ್ದ. ಈಗ ಸ್ವಲ್ಪ ದಪ್ಪಗಾಗಿದ್ದ. "ಜನ ನಮ್ಮವರೇ, ಇಲ್ಲ ಅನ್ನಲ್ಲ. ಆದರೆ ಗಾಡಿ ನಮ್ಮದಲ್ವಲ್ಲ," ಎಂದು ಕೈ ತೊಳೆದುಕೊಂಡ.

ಹೊರಗೆ ಬಂದು ಕ್ಷೌರಿಕ ನನ್ನ ಮುಖ ನೋಡಿದ. "ತಲೆ ಇವರದಂತೆ, ಕೂದಲು ಅವರದಂತೆ. ನಾನು ಯಾರಿಗೆ ಕತ್ತರಿ ಹಾಕ್ಲಿ ಹೇಳು ತಂಗೀ," ಅಂದ. ಮೂವರೂ ನಕ್ಕೆವು. ನಕ್ಕ ಮೇಲೆ ಗಾರೆಯವನು ಕಾಲುದಾರಿಯ ಅಂಚಿನಲ್ಲಿ ಕೂತುಬಿಟ್ಟ. ಅವನನ್ನು ಎಬ್ಬಿಸಿಕೊಂಡು ಬರಲು ಹೊತ್ತು ಹಿಡಿಯಿತು.

ಹರಾಜು ನಮ್ಮ ಬಯಲಿನಲ್ಲೇ ನಡೆಯಿತು. ಇಸ್ತ್ರಿ ಮಾಡಿದ ಕೋಟುಗಳ ಗಂಡಸರು, ಅವರ ಜೊತೆ ಒಬ್ಬಿಬ್ಬರು ಹೆಂಗಸರು, ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವರ ಹಾಗೆ ನಮ್ಮ ಮನೆಗಳ ಗೋಡೆಗಳನ್ನು ತಟ್ಟುತ್ತ ಬಂದರು. ನಮ್ಮ ವ್ಯಾನಿನ ಬಾನೆಟ್ಟಿನ ಮೇಲೆ ಒಣಹಾಕಿದ್ದ ಬಟ್ಟೆಗಳನ್ನು ಒಬ್ಬ ಬೆತ್ತದ ತುದಿಯಿಂದ ಸರಿಸಿ, ಬಾನೆಟ್ಟನ್ನೆತ್ತಿ ಇಂಜಿನ್ನು ಇಣುಕಿ ನೋಡಿದ. ಇನ್ನೊಬ್ಬ ಒಳಗೇ ಬಂದು, ನಾನು ಹೊಲಿಯುತ್ತ ಕೂತಿದ್ದ ಹಲಗೆಯ ಉದ್ದ ಅಳೆಯತೊಡಗಿದ. ಟೇಪು ನನ್ನ ಮೊಣಕೈಗೆ ತಾಗಿದಾಗ "ಸ್ವಲ್ಪ ಎದ್ದೇಳ್ತೀರಾ?" ಎಂದು ಕೇಳಿದ. ಏಳಲಿಲ್ಲ. ನನ್ನನ್ನು ಬಿಟ್ಟು ಎರಡೂ ಕಡೆ ಅಳೆದು ಕೂಡಿಸಿಕೊಂಡ.

ಒಬ್ಬಾಕೆ ಬಾಗಿಲಲ್ಲಿ ನಿಂತು, "ಒಲೆಯೂ ಸೇರುತ್ತಾ?" ಎಂದು ಕೇಳಿದಳು.

"ಸೇರುತ್ತೆ ತಾಯಿ," ಅಂದರು ಅತ್ತೆ. "ಒಲೆ ಹಚ್ಚೋ ಮುದುಕಿನೂ ಸೇರ್ತಾಳೆ. ಬೇಕಾದ್ರೆ ಹಲ್ಲು ತೋರಿಸ್ಲಾ? ನಾಲ್ಕು ಗಟ್ಟಿಯಾಗಿವೆ."

ಆಕೆ ಮುಖ ಕೆಂಪಗೆ ಮಾಡಿಕೊಂಡು ಇಳಿದುಹೋದಳು. ನನಗೆ ನಗು ಬರಲಿಲ್ಲ. ಅತ್ತೆಗೂ ಅದು ನಗೆಯ ಮಾತಾಗಿರಲಿಲ್ಲ.

ಮಧ್ಯಾಹ್ನ ಅಧಿಕಾರಿ ಒಂದು ಪೆಟ್ಟಿಗೆಯ ಮೇಲೆ ನಿಂತು ಷರತ್ತುಗಳನ್ನು ಗಟ್ಟಿಯಾಗಿ ಓದಿದ. ಗಾಡಿಗಳನ್ನು ಇದ್ದಲ್ಲಿ, ಇದ್ದ ಹಾಗೆ ಮಾರಲಾಗುತ್ತದೆ. ಆಮೇಲೆ ತಕರಾರು ಹೇಳಿದರೆ ಕೇಳುವುದಿಲ್ಲ, ವಾಪಸು ತೆಗೆದುಕೊಳ್ಳುವುದಿಲ್ಲ. ಹೆಚ್ಚಿನ ಗಾಡಿಗಳನ್ನು ಪೇಟೆಬೀದಿಯ ಗುಜರಿ ವ್ಯಾಪಾರಿಯೊಬ್ಬ ಒಟ್ಟಿಗೆ ಹಿಡಿದ. ಕತ್ತರಿಸಿ ಕಬ್ಬಿಣ ಮಾರುವವನು. ಸುತ್ತಿಗೆ ಮೇಜಿಗೆ ಬಿದ್ದಾಗ ಗಾರೆಯವನ ಹೆಂಡತಿ ಆಂಬ್ಯುಲೆನ್ಸಿನ ಹಿಂಬಾಗಿಲು ತೆರೆದು ಮಕ್ಕಳಿಗೆ ಊಟಕ್ಕೆ ಬಡಿಸುತ್ತಿದ್ದಳು. ಯಾರೂ ಅತ್ತ ತಿರುಗಿ ನೋಡಲಿಲ್ಲ.

ಗಾಡಿ ಸಾಗಿಸಲು ಬಂದ ದಿನ ಗುಜರಿಯವನು ನಮ್ಮ ವ್ಯಾನಿನಿಂದಲೇ ಶುರುಮಾಡಿದ. ರಸ್ತೆಗೆ ಹೋಗುವ ದಾರಿಗೆ ಅದೇ ಹತ್ತಿರವಿತ್ತು. ನಾನು ಆ ಹೊತ್ತಿಗೆ ನಲ್ಲಿಯ ಹತ್ತಿರ ಬಕೆಟ್ಟು ಇಟ್ಟುಕೊಂಡು ನನ್ನ ಸರದಿಗೆ ಕಾಯುತ್ತಿದ್ದೆ. ಅವನ ಆಳುಗಳು ಚಕ್ರಗಳಿಗೆ ಗಾಳಿ ತುಂಬಿ, ಮುಂದಿನ ಕೊಂಡಿಗೆ ಸರಪಳಿ ಬಿಗಿದರು. ಇಬ್ಬರು ಪೊಲೀಸರು ದೂರದಲ್ಲಿ ನಿಂತಿದ್ದರು. ಮುಂದೆ ನಡೆದದ್ದನ್ನು ಕ್ಷೌರಿಕ ನೋಡಿದ್ದ, ಅವನೇ ನನಗೆ ಹೇಳಿದ.

"ಅಜ್ಜೀ, ಇಳೀರಿ. ಗಾಡಿ ತಗೊಂಡು ಹೋಗ್ಬೇಕು," ಅಂದನಂತೆ ಗುಜರಿಯವನು.

"ಇಳಿದು ಎಲ್ಲಿಗೆ ಹೋಗ್ಲಿ?"

"ಅದು ನನಗೆ ಹೇಗೆ ಗೊತ್ತಾಗ್ಬೇಕು? ನಾನು ದುಡ್ಡು ಕೊಟ್ಟು ಕೊಂಡಿದ್ದೀನಿ."

"ಹಾಗಾದ್ರೆ ಎಳ್ಕೊಂಡು ಹೋಗು. ಇದ್ದ ಹಾಗೆ ಅಂತ ತಾನೇ ಕೊಂಡಿದ್ದು? ಇದರಲ್ಲಿ ನಾನಿದ್ದೀನಿ."

ಅವನು ಪೊಲೀಸರತ್ತ ನೋಡಿದ. ಒಬ್ಬ ಪೊಲೀಸು ಹತ್ತಿರ ಬಂದು ಮೆಟ್ಟಿಲ ಮೇಲೆ ಕಾಲಿಟ್ಟನಂತೆ. ಅತ್ತೆ ಒಲೆಯ ಮೇಲಿದ್ದ ಆಲೂಗಡ್ಡೆ ಪಾತ್ರೆಯನ್ನು ಬಟ್ಟೆ ಹಿಡಿದು ಎರಡೂ ಕೈಯಲ್ಲಿ ಎತ್ತಿಕೊಂಡು, "ಬಾ ಮಗೂ, ಕುದೀತಾ ಇದೆ," ಅಂದರಂತೆ. ಅವನು ಕಾಲು ಹಿಂದೆ ತೆಗೆದ. ಹತ್ತು ಮಾರು ಎಳೆದರೆ ಮುದುಕಿ ಹೆದರಿ ತಾನೇ ಇಳಿಯುತ್ತಾಳೆ ಎಂದು ಗುಜರಿಯವನು ಲಾರಿ ಹೊರಡಿಸಿದ.

ಬಯಲು ದಾಟಿ ರಸ್ತೆಗೆ ಏರುತ್ತಿದ್ದ ನಮ್ಮ ಮನೆಯನ್ನು ನಾನು ನಲ್ಲಿಯ ಹತ್ತಿರದಿಂದ ಕಂಡೆ. ಬಕೆಟ್ಟು ಅಲ್ಲೇ ಬಿಟ್ಟು ಓಡಿದೆ. ಮುಂದೆ ಲಾರಿ, ಹಿಂದೆ ಓಲಾಡುತ್ತ ವ್ಯಾನು, ಅದರ ತಲೆಯ ಮೇಲಿನ ಕೊಳವೆಯಿಂದ ಹೊಗೆ. ಔಷಧಿ ಅಂಗಡಿಯವನು ಹೊರಬಂದು ಬಾಯಿಬಿಟ್ಟು ನೋಡಿದ. ಶಾಲೆಯ ಕಿಟಕಿಗಳ ತುಂಬ ಮಕ್ಕಳ ತಲೆಗಳು. ಅತ್ತೆ ವ್ಯಾನಿನ ಚಿಕ್ಕ ಕಿಟಕಿಯಲ್ಲಿ ಮುಖ ತೂರಿಸಿ, ನನಗೆ ಅಷ್ಟು ದೂರಕ್ಕೂ ಕೇಳುವಂತೆ ಕೂಗುತ್ತಿದ್ದರು.

"ನಾನಾಗಿ ಹೋಗ್ತಿಲ್ಲ! ನೋಡ್ಕೊಳ್ಳಿ ಎಲ್ಲರೂ! ಮನೆ ಜೊತೆ ನನ್ನನ್ನೂ ಮಾರಿದ್ದಾರೆ!"

ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗಾಗಿ ಲಾರಿ ನಿಂತಿತು. ನಾನು ಏದುಸಿರು ಬಿಡುತ್ತ ಹೋಗಿ ಹಿಂದಿನಿಂದ ಹತ್ತಿದೆ. ಒಳಗೆ ಬಟ್ಟಲುಗಳೆಲ್ಲ ಒಡೆದು ಚೂರಾಗಿದ್ದವು. ಗಿರಾಕಿಗಳ ಕೋಟುಗಳು ನೆಲಕ್ಕೆ ಬಿದ್ದಿದ್ದವು. ಯಂತ್ರ ಹಲಗೆಯ ಅಂಚಿಗೆ ಜಾರಿ ಬಂದಿತ್ತು. ಅತ್ತೆ ನೆಲದಲ್ಲಿ ಕೂತು ಅದಕ್ಕೆ ಭುಜ ಕೊಟ್ಟು ತಡೆಹಿಡಿದಿದ್ದರು. ಬಿಸಿ ನೀರು ತುಳುಕಿ ಅವರ ಕೈ ಕೆಂಪಾಗಿತ್ತು.

"ಬಂದ್ಯಾ? ಬಾಗಿಲು ಹಾಕು, ಗಾಳಿ ಬರ್ತಿದೆ," ಅಂದರು.

"ಅತ್ತೆ, ಇಳಿದುಬಿಡೋಣ. ಕೈ ಸುಟ್ಕೊಂಡಿದ್ದೀರಿ. ಬಿದ್ದು ಕೈಕಾಲು ಮುರ್ಕೊಂಡ್ರೆ ಏನು ಗತಿ?"

"ನೀನು ಬೇಕಾದ್ರೆ ಇಳಿ. ನಾನು ಇನ್ನೊಂದ್ಸಲ ಬ್ರೆಡ್ಡು ತರೋಕೆ ಅಂತ ಹೊರಗೆ ಹೋಗಿ ಮನೆ ಕಳ್ಕೊಳ್ಳಲ್ಲ ಕಣೆ. ಕೂತಿರ್ತೀನಿ."

ನಾನು ಬಾಗಿಲು ಹಾಕಿಕೊಂಡು ಅವರ ಪಕ್ಕದಲ್ಲಿ ಕೂತು ಯಂತ್ರಕ್ಕೆ ನನ್ನ ಭುಜವನ್ನೂ ಕೊಟ್ಟೆ. ಗೇಟು ತೆರೆಯಿತು. ವ್ಯಾನು ಹಳಿಗಳ ಮೇಲೆ ಧಡಧಡನೆ ಹಾರಿತು.

ಗುಜರಿಯವನ ಅಂಗಳ ಪೇಟೆಬೀದಿಯಲ್ಲಿ ಅವನ ಮನೆಗೆ ಅಂಟಿಕೊಂಡೇ ಇತ್ತು. ಹಳೇ ಕಬ್ಬಿಣದ ರಾಶಿ, ತುಕ್ಕು ಹಿಡಿದ ಪೀಪಾಯಿಗಳು, ಅವುಗಳ ಪಕ್ಕದಲ್ಲಿ ಒಗೆದು ಹರಡಿದ ಬಿಳಿ ಹಾಸಿಗೆ ಹೊದಿಕೆಗಳು. ವ್ಯಾನು ನಿಂತಾಗ ಅವನ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದಳು. ಕೊಳವೆಯ ಹೊಗೆ ನೋಡಿದಳು, ಕಿಟಕಿಯಲ್ಲಿ ಅತ್ತೆಯ ಮುಖ ನೋಡಿದಳು, ಗಂಡನ ಕಡೆ ತಿರುಗಿದಳು.

"ಏನ್ರೀ ಇದು? ಮುದುಕಿ ಒಳಗಿರೋ ಹಾಗೇ ಎಳ್ಕೊಂಡು ಬಂದಿದ್ದೀರಾ?"

"ಇಳಿ ಅಂದೆ ಕಣೇ. ಇಳೀಲಿಲ್ಲ."

"ನಿಮ್ಮ ಅಮ್ಮನ್ನ ಯಾರಾದ್ರೂ ಹೀಗೆ ಬೀದೀಲಿ ಎಳ್ಕೊಂಡು ಹೋಗಿದ್ರೆ?"

"ನಮ್ಮಮ್ಮ ವ್ಯಾನಲ್ಲಿರ್ಲಿಲ್ಲ!"

"ಅದೃಷ್ಟ ಕಣ್ರೀ ಅದು. ನಿಮ್ಮ ಜಾಣತನ ಅಲ್ಲ," ಎಂದು ಅವಳು ಒಳಗೆ ಹೋಗಿ ಸುಟ್ಟ ಕೈಗೆ ಹಚ್ಚುವ ಮುಲಾಮು ತಂದಳು. ಅತ್ತೆ ಮುಲಾಮು ಹಚ್ಚಿಸಿಕೊಂಡರು, ಅವಳು ಕೊಟ್ಟ ಚಹಾ ಕುಡಿದರು. ಇಳಿಯಲು ಮಾತ್ರ ಒಪ್ಪಲಿಲ್ಲ.

ಸಂಜೆಯೊಳಗೆ ಈ ಸುದ್ದಿ ಬಯಲು ಮುಟ್ಟಿತು. ಮರುದಿನ ಗುಜರಿಯವನ ಲಾರಿ ಅಲ್ಲಿಗೆ ಹೋದಾಗ ಯಾರೂ ಇಳಿಯಲಿಲ್ಲ. ಗಾರೆಯವನು ಮಕ್ಕಳನ್ನು ಅಟ್ಟಣೆಗಳಿಗೆ ಹಗ್ಗದಿಂದ ಸಡಿಲವಾಗಿ ಕಟ್ಟಿ, ತಾನು ಹಿಂಬಾಗಿಲಲ್ಲಿ ಕೂತ. ಕ್ಷೌರಿಕ ತನ್ನ ಲಾರಿಯ ಒಳಗೆ ಕನ್ನಡಿಯನ್ನು ಹೆಂಡತಿಯ ತೊಡೆಯ ಮೇಲಿಟ್ಟು ಹೊರಟ. ಅವನ ಲಾರಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬನೂ ಇದ್ದ. ಇನ್ನರ್ಧ ಪೇಟೆಬೀದಿಯಲ್ಲಿ ಮುಗಿಯಿತು. ಮೂರ್ನಾಲ್ಕು ದಿನದಲ್ಲಿ ಅಂಗಳ ತುಂಬಿ, ಉಳಿದ ಗಾಡಿಗಳು ರಸ್ತೆಯ ಪಕ್ಕದಲ್ಲೇ ನಿಂತವು. ಬಯಲಿನಲ್ಲಿದ್ದ ನಮ್ಮ ಬೀದಿ ಈಗ ಊರಿನ ನಡುವೆ, ಬ್ಯಾಂಕು, ಬಟ್ಟೆ ಅಂಗಡಿಗಳ ಎದುರಿಗೆ ಬಂದು ಕೂತಿತ್ತು. ನಾಲ್ಕು ವರ್ಷ ನಾವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ನಮ್ಮನ್ನು ಸುತ್ತಿಹೋಗದೆ ಊರಿನ ಜನಕ್ಕೆ ಬ್ರೆಡ್ಡು ತರಲೂ ಆಗುತ್ತಿರಲಿಲ್ಲ.

ಗ್ಯಾಸಿನಿಂದ ಕಬ್ಬಿಣ ಕತ್ತರಿಸುವ ಆಳುಗಳು, "ಒಳಗೆ ಜನ ಇರೋವಾಗ ಬೆಂಕಿ ಹಚ್ಚಲ್ಲ ಯಜಮಾನ್ರೇ," ಎಂದು ಕೈಕಟ್ಟಿ ಕೂತರು. ಗುಜರಿಯವನು ಹೆಚ್ಚುವರಿ ಸಾಮಾನುಗಳ ಕಚೇರಿಗೆ ಓಡಿದ. ವಾಪಸು ಬಂದಾಗ ಅವನ ಕುತ್ತಿಗೆಯ ನರ ಉಬ್ಬಿತ್ತು. ನಮ್ಮ ವ್ಯಾನಿನ ಮೆಟ್ಟಿಲ ಮೇಲೇ ಕೂತು ತಲೆಗೆ ಕೈಹೊತ್ತ.

"ನಾನು ಕೊಂಡಿದ್ದು ಕಬ್ಬಿಣ, ಸಂಸಾರಗಳನ್ನಲ್ಲ ಅಂದೆ. ಇದ್ದ ಹಾಗೆ ಅಂತ ಓದಿ ಹೇಳಿದ್ವಲ್ಲ ಅಂತಾನೆ! ಖಾಲಿ ಇಲ್ವಲ್ಲ ಅಂದ್ರೆ, ಖಾಲಿ ಇವೆ ಅಂತ ವರದಿ ಇದೆ ಅಂತಾನೆ! ಕೂರಿಸಿ ಮಾತಾಡ್ಸಿದ ಅಜ್ಜೀ, ಕೂರಿಸಿ!"

"ನಮ್ಮನ್ನೂ ಕೂರಿಸಿದ್ದ," ಅಂದೆ ನಾನು.

ಅವತ್ತು ಅವನಿಗೂ ನಮಗೂ ಒಂದೇ ಸಿಟ್ಟು ಬಂದಿತ್ತು. ಆದರೂ ಅವನು ನಮ್ಮವನಾಗಿಬಿಟ್ಟ ಎಂದು ನಾನು ಹೇಳಲಾರೆ. ಬೇಲಿಯೊಳಗಿನ ನೀರಿನ ಕೊಳಾಯಿಗೆ ಅವನು ಬೀಗ ಹಾಕಿದ್ದ. ತೆಗೆದುಕೊಟ್ಟದ್ದು ಅವನ ಹೆಂಡತಿ.

ವಾರದೊಳಗೆ ಅಧಿಕಾರಿ ಖುದ್ದಾಗಿ ಬಂದ. ಬಯಲಿಗೆ ಬಂದು ನೋಡಿ ಎಂದು ನಾವು ಬೇಡಿಕೊಂಡಾಗ ಅಗತ್ಯವಿಲ್ಲ ಅಂದವನು, ಈಗ ಪೊಲೀಸರ ಜೊತೆ ಅಂಗಳದಲ್ಲಿ ನಿಂತಿದ್ದ. ಗುಜರಿಯವನು ಅತಿಕ್ರಮಣ ಎಂದು ಒಂದು ದೂರು ಕೊಟ್ಟರೆ ಸಾಕು, ಗಂಟೆಯೊಳಗೆ ಎಲ್ಲರನ್ನೂ ಹೊರಗೆ ಹಾಕಿಸುತ್ತೇನೆ ಅಂದ. ಗುಜರಿಯವನು ಹೆಂಡತಿಯ ಮುಖ ನೋಡಿದ.

"ಕೊಡಿ, ಕೊಡಿ," ಅಂದಳು ಅವಳು. "ಕೊಟ್ಟ ಮೇಲೆ ಒಂದು ವ್ಯಾನು ಖಾಲಿ ಆಗುತ್ತಲ್ಲ, ನೀವು ಅದರಲ್ಲೇ ಮಲಗಿ."

ಅವನು ದೂರು ಕೊಡುವುದಿಲ್ಲ ಎಂದು ತಲೆಯಾಡಿಸಿದ. ಅಧಿಕಾರಿ ಅತ್ತೆಯ ಕಿಟಕಿಯ ಹತ್ತಿರ ಬಂದು, ಕಚೇರಿಯಲ್ಲಿ ಆಡಿದ್ದ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ: "ನೋಡಿಮ್ಮ, ಇದು ಸರ್ಕಾರದ ಸ್ವತ್ತಾಗಿತ್ತು. ಸರ್ಕಾರದ ಸ್ವತ್ತಿನಲ್ಲಿ ಇಷ್ಟು ವರ್ಷ ಪುಕ್ಕಟೆಯಾಗಿ ಇದ್ರಿ. ಈಗ ನೀವೇ ಸಹಕಾರ ಕೊಡ್ಬೇಕು."

ಆ ಪುಕ್ಕಟೆ ಅನ್ನುವ ಮಾತಿಗೆ ಅತ್ತೆ ಎದ್ದರು. ಬಾಗಿಲು ತೆಗೆದರು. ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತಾಗ ಅವನು ತಲೆಯೆತ್ತಿ ನೋಡಬೇಕಾಯಿತು.

"ಪುಕ್ಕಟೆ ಅಂದ್ಯಾ? ನನ್ನ ಮಗನ ವ್ಯಾನು ತಗೊಂಡು ಹೋದ್ರಲ್ಲ, ಅದಕ್ಕೆ ಏನು ಕೊಟ್ರಿ? ಅವತ್ತು ನಿಮ್ಮವರು ಬಾಗಿಲಿಗೆ ಬಂದು ಗಾಡಿ ಬೇಕು ಅಂದ್ರು, ಕೊಟ್ವಿ. ಓಡಿಸೋನೂ ಬೇಕು ಅಂದ್ರು. ಒಬ್ಬನೇ ಮಗ, ಅವನನ್ನೂ ಕೊಟ್ವಿ. ಎರಡರಲ್ಲಿ ಒಂದೂ ವಾಪಸ್ ಬರ್ಲಿಲ್ಲ. ಎಲ್ಲಿ ಸತ್ತ, ಹೇಗೆ ಸತ್ತ, ಅಷ್ಟನ್ನಾದ್ರೂ ಯಾರಾದ್ರೂ ಬಂದು ಹೇಳಿದ್ರಾ? ನಿಮಗೆ ಬೇಕಾದಾಗ ನಮ್ಮದೆಲ್ಲ ದೇಶದ್ದು. ನಮಗೆ ಬೇಕಾದಾಗ ಒಂದು ತುಕ್ಕು ಹಿಡಿದ ಡಬ್ಬಾನೂ ಸರ್ಕಾರದ್ದು. ಹೇಳಪ್ಪಾ, ಯಾರು ಯಾರದ್ರಲ್ಲಿ ಪುಕ್ಕಟೆಯಾಗಿದ್ದದ್ದು?"

ಬೀದಿಯಲ್ಲಿ ಜನ ಸೇರಿದ್ದರು. ಅಧಿಕಾರಿಯ ಮುಖದಲ್ಲಿ ಏನೋ ಅಲುಗಾಡಿದ್ದನ್ನು ನಾನು ಕಂಡೆ. ಈಗ ಮನುಷ್ಯನ ಹಾಗೆ ಒಂದು ಮಾತು ಆಡುತ್ತಾನೆ ಅನ್ನಿಸಿತು. ಅವನು ಟೋಪಿ ಸರಿಮಾಡಿಕೊಂಡ.

"ಅದು ಬೇರೆ ವಿಭಾಗಕ್ಕೆ ಸೇರಿದ್ದಮ್ಮ," ಅಂದ.

ಮೊದಲು ನಕ್ಕವನು ಕ್ಷೌರಿಕನೋ ಇನ್ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಬೀದಿ ನಕ್ಕಿತು. ಅದು ಸಂತೋಷದ ನಗುವಲ್ಲ. ಹಾಗೆ ನಗುವ ಜನರ ನಡುವೆ ನಿಲ್ಲಲು ನನಗೇ ಹೆದರಿಕೆಯಾಯಿತು. ಬ್ಯಾಂಕಿನ ಮೆಟ್ಟಿಲಿನಿಂದ ಯಾರೋ "ಥೂ" ಅಂದರು. ಬೇಕರಿಯ ಯಜಮಾನ, ನನ್ನ ಗಂಡ ಬ್ರೆಡ್ಡು ಸಾಗಿಸುತ್ತಿದ್ದ ಅದೇ ಬೇಕರಿಯವನು, ಗುಂಪನ್ನು ನೂಕಿಕೊಂಡು ಮುಂದೆ ಬಂದು, "ಆ ಹುಡುಗ ನನ್ನ ಹತ್ರ ಕೆಲಸ ಮಾಡ್ತಿದ್ದ. ಅವನ ತಾಯಿಗೆ ಹೀಗಾ ಮಾತಾಡೋದು?" ಎಂದು ಅಧಿಕಾರಿಯ ಎದೆಗೆ ಎದೆ ಕೊಟ್ಟು ನಿಂತ. ಪೊಲೀಸರು ಅಧಿಕಾರಿಯನ್ನು ನಡುವೆ ಹಾಕಿಕೊಂಡು ಹೊರಗೆ ಕರೆದೊಯ್ದರು. ಹೋಗುವಾಗ ಅವನ ಕೋಟಿನ ಬೆನ್ನಿನ ಮೇಲೆ ಯಾರೋ ಹಿಟ್ಟಿನ ಕೈಯಿಂದ ಒಂದು ನಂಬರು ಬರೆದಿದ್ದರು.

ಅಲ್ಲಿಂದ ಮುಂದಿನ ಕೆಲಸಗಳು ಬೇಗ ಬೇಗ ಆದವು. ನಮ್ಮ ಮೇಲಿನ ಕರುಣೆಯಿಂದ ಆದವು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ರೇಗುತ್ತದೆ. ಪೇಟೆಬೀದಿಯಲ್ಲಿ ವ್ಯಾಪಾರ ಕೆಟ್ಟಿತ್ತು. ಅಂಗಡಿಯವರು ನಗರಸಭೆಗೆ ಹೋಗಿ ಗಲಾಟೆ ಮಾಡಿದರು. ಇಟ್ಟಿಗೆ ಗೂಡುಗಳ ಆಚೆ, ಯಾರಿಗೂ ಬೇಡವಾಗಿದ್ದ ಜಾಗದಲ್ಲಿ, ಒಂದೊಂದು ಕೋಣೆಯ ಮನೆಗಳ ಎರಡು ಸಾಲು ಎದ್ದವು. ಗಾರೆಯವನು ಅಲ್ಲಿಯೇ ಕೂಲಿಗೆ ಹೋಗಿ ಗೋಡೆ ಕಟ್ಟಿದ. ಮರಳಿಗೆ ಸಿಮೆಂಟು ಸಾಲದು ಎಂದು ಅವನು ಹೇಳಿದ್ದನ್ನು ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೀಗದ ಕೈ ಕೊಡುವ ದಿನ ಶಾಮಿಯಾನ ಹಾಕಿದ್ದರು. ನಗರಸಭೆಯ ಅಧ್ಯಕ್ಷರು ಮಾತಾಡಿದರು. ಯುದ್ಧದಲ್ಲಿ ನೊಂದವರಿಗೆ ಸರ್ಕಾರ ತೋರಿದ ಔದಾರ್ಯ ಎಂದರು. ನಮ್ಮನ್ನು ವ್ಯಾನು ಹತ್ತಿಸಿದ್ದ ದಪ್ಪನೆಯ ಮನುಷ್ಯ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಹೆಚ್ಚುವರಿ ಸಾಮಾನುಗಳ ಅಧಿಕಾರಿ ಬಂದಿರಲಿಲ್ಲ. ಅವನಿಗೆ ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋಗಿದ್ದನಂತೆ. ಹರಾಜಿನ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರಿಗಿಂತ ಹಿರಿಯರು ಎಂದು ಅತ್ತೆಯನ್ನು ವೇದಿಕೆಗೆ ಹತ್ತಿಸಿ, ಕೈಗೆ ಕೀ ಕೊಟ್ಟು, ಮೈಕಿನ ಮುಂದೆ ನಿಲ್ಲಿಸಿದರು.

"ಎರಡು ಮಾತು ಹೇಳಿ ಅಜ್ಜೀ. ನಿಮಗೆ ಸಂತೋಷ ಆಗಿದೆ ಅಂತ," ಎಂದು ಅಧ್ಯಕ್ಷರು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅತ್ತೆ ಮೈಕನ್ನು ತಮ್ಮ ಎತ್ತರಕ್ಕೆ ಬಗ್ಗಿಸಿಕೊಂಡರು. "ಮನೆ ಕೊಟ್ಟವರು ಯಾರ್ಯಾರು ಅಂತ ಇಷ್ಟೊತ್ತು ಹೇಳಿದ್ರಿ. ಕೇಳಿದೆ. ನಾವು ಒಳಗಿರೋವಾಗ್ಲೇ ನಮ್ಮ ಮನೆ ಮಾರಿದವರು ಯಾರು ಅಂತ ಒಬ್ರೂ ಹೇಳ್ಲಿಲ್ಲ. ಅದನ್ನೂ ಹೇಳಿ. ಆಮೇಲೆ ಸಂತೋಷ ಪಡ್ತೀನಿ."

ಮೈಕು ಕೊರ್ರೆಂದು ಸತ್ತುಹೋಯಿತು. ಯಾರೋ ತಂತಿ ಕಿತ್ತಿದ್ದರು. ಅಧ್ಯಕ್ಷರು ನಗುಮುಖದಲ್ಲೇ ಮುಂದಿನವರನ್ನು ಕರೆದರು.

ಗುಜರಿಯವನು ಆ ವಾರದಲ್ಲೇ ನಮ್ಮ ವ್ಯಾನು ಕತ್ತರಿಸಿದ. ನಾನು ಹೋಗಿ ನೋಡಲಿಲ್ಲ. ಅವನ ಹೆಂಡತಿ ಒಮ್ಮೆ ಹೊಲಿಸಲು ಬಟ್ಟೆ ತಂದಾಗ ಹೇಳಿದಳು.

ಹೊಸ ಮನೆಗೆ ತಗಡಿನ ಚಾವಣಿ. ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ, ಯಂತ್ರವನ್ನು ಬಾಗಿಲಿಗೆ ಎಳೆದುಕೊಂಡು ಹೊಲಿಯುತ್ತೇನೆ. ಪೇಟೆಯಿಂದ ಬರುವ ಗಿರಾಕಿಗಳು, "ಕೊನೆಗೆ ನಿಮಗೆ ಒಳ್ಳೇದೇ ಆಯ್ತಲ್ಲ," ಅನ್ನುತ್ತಾರೆ. ಅವರು ಕೆಟ್ಟವರಲ್ಲ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆಯುತ್ತೇನೆ. ಅತ್ತೆ ಸುಮ್ಮನಿರುವವರಲ್ಲ. ನಿನ್ನೆಯೂ ಈರುಳ್ಳಿ ಹೆಚ್ಚುತ್ತ ಕೂತವರು, ಎದುರಿಗೆ ಯಾರೂ ಇಲ್ಲದಿದ್ದರೂ, "ಬೇರೆ ವಿಭಾಗವಂತೆ, ಬೇರೆ ವಿಭಾಗ," ಎಂದು ಚಾಕುವನ್ನು ಹಲಗೆಗೆ ಕುಕ್ಕಿದರು. ಸಾಕು ಬಿಡಿ ಅತ್ತೆ, ಎಂದು ಮೊದಲೆಲ್ಲ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಯಂತ್ರ ನಿಲ್ಲಿಸಿ, ಅವರು ಹೇಳುವುದನ್ನೆಲ್ಲ ಮೊದಲಿನಿಂದ ಕೇಳುತ್ತೇನೆ.